ಒಂದು ಹುತ್ತಕ್ಕೆ ಎಷ್ಟು ಹಾವು?

ನಮ್ಮ ಹಿರಿಯರು ಇಂದಿಗೂ ಮದರಾಸೆಂದೇ ಕರೆಯುವ ಚೆನ್ನೈ ನಗರಕ್ಕೆ ಹೋದವರು ಮರೀನಾ ಕಡಲತೀರವನ್ನು ನೋಡುತ್ತಾರೆ. ಮೈಲಾಪುರದ ಕಪಾಲೀಶ್ವರನಿಗೆ ಕೈಮುಗಿಯುತ್ತಾರೆ. ತ್ಯಾಗರಾಯನಗರದ ಅಂಗಡಿಬೀದಿಯಲ್ಲಿ ಸೀರೆ ಕೊಳ್ಳುತ್ತಾರೆ. ಇವೆಲ್ಲ ಮುಗಿದ ಮೇಲೆ, ಮಕ್ಕಳ ಕಾಟ ತಡೆಯಲಾರದೆ, ಗಿಂಡಿಯ ಹಾವಿನ ತೋಟಕ್ಕೆ ಹೋಗುವುದೂ ಉಂಟು. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಸಂಸಾರವೂ ಹೀಗೆಯೇ ಹೋಯಿತು. ಆದರೆ ನಮ್ಮನ್ನು ಅಲ್ಲಿಗೆ ಎಳೆದೊಯ್ದದ್ದು ಮಕ್ಕಳ ಕಾಟವೊಂದೇ ಅಲ್ಲ, ಮನೆಯೊಳಗಿನ ಒಂದು ವ್ಯಾಜ್ಯ. ಸೆರೆಯಲ್ಲಿರುವ ಹಾವಿಗೆ ಜೊತೆ ಬೇಕೆ, ಬೇಡವೆ ಎಂಬುದೇ ಆ ವ್ಯಾಜ್ಯದ ವಿಷಯ.

ಗಿಂಡಿಯೆಂದರೆ ನಗರದ ನಡುವೆಯೇ ಸುಮಾರು 270 ಹೆಕ್ಟೇರಿನಷ್ಟು ಕುರುಚಲು ಕಾಡು ಉಳಿದುಕೊಂಡಿರುವ ಅಪೂರ್ವ ಸ್ಥಳ. ಒಂದು ಮಗ್ಗುಲಿಗೆ ರಾಜ್ಯಪಾಲರ ನಿವಾಸ, ಇನ್ನೊಂದು ಮಗ್ಗುಲಿಗೆ ಐ.ಐ.ಟಿ., ಹತ್ತಿರದಲ್ಲಿಯೇ ಗಾಂಧಿ ಮಂಟಪ. ಬೇಲಿಯಾಚೆ ಚುಕ್ಕೆಜಿಂಕೆಗಳೂ ಕೃಷ್ಣಮೃಗಗಳೂ ಮೇಯುತ್ತವೆ. ಈಚೆ ರಸ್ತೆಯಲ್ಲಿ ಬಸ್ಸುಗಳು ಹೊಗೆಯುಗುಳುತ್ತವೆ. ಮಕ್ಕಳ ಉದ್ಯಾನಕ್ಕೆ ತಾಗಿದಂತೆ ಇರುವ ಹಾವಿನ ತೋಟವನ್ನು 1972ರಲ್ಲಿ ಇಲ್ಲಿ ನೆಲೆಗೊಳಿಸಿದವರು ರೋಮುಲಸ್ ವಿಟೇಕರ್. ನ್ಯೂಯಾರ್ಕಿನಲ್ಲಿ ಹುಟ್ಟಿ, ಭಾರತದಲ್ಲಿ ಬೆಳೆದು, ಈ ದೇಶದವರೇ ಆಗಿಹೋದ ಈ ಮಹನೀಯರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ಹಾವು ಕಂಡರೆ ಕೋಲು ಹುಡುಕುವ ಜನಕ್ಕೆ, ಮೊದಲು ಅದನ್ನು ಕಣ್ಣಾರೆ ನೋಡಲು ಕಲಿಸಬೇಕೆಂಬುದು ಈ ತೋಟದ ಹಿಂದಿನ ಉದ್ದೇಶ.

ಗಾಜಿನ ಮನೆಗಳ ಮುಂದೆ

ನಮ್ಮ ಗುಂಪಿನಲ್ಲಿ ಆರು ಜನ: ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಚೆನ್ನೈಯಲ್ಲಿಯೇ ನೆಲೆಸಿರುವ ನಾದಿನಿ, ಹತ್ತನೆಯ ತರಗತಿ ಮುಗಿಸಿದ ಅವಳ ಮಗ, ಮತ್ತು ನನ್ನ ಅತ್ತೆಯವರು. ಅತ್ತೆಯವರದು ತೀರ್ಥಹಳ್ಳಿಯ ಕಡೆ ಹಳೆಯ ಮನೆ. ಮಾವನವರು ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿದ್ದಿದೆ. ವರ್ಷದಲ್ಲಿ ಆರು ತಿಂಗಳು ಬೆಂಗಳೂರಿನಲ್ಲಿ ನಮ್ಮೊಡನೆ, ಆರು ತಿಂಗಳು ಚೆನ್ನೈಯಲ್ಲಿ ಕಿರಿಯ ಮಗಳೊಡನೆ ಅವರ ವಾಸ.

ತೋಟದೊಳಗೆ ನೆರಳು ಹಾಸಿದ ದಾರಿ; ದಾರಿಯ ಬದಿಗೆ ಸಾಲಾಗಿ ಗಾಜಿನ ಮುಖದ ಗೂಡುಗಳು. ನಾವು ಹೋದ ದಿನ ಒಂದು ಗೂಡಿನಲ್ಲಿ ನಾಗರಹಾವೊಂದು ಹೆಡೆ ಬಿಚ್ಚದೆ, ಮೂಲೆಯ ಮಡಕೆಚೂರಿನ ಕೆಳಗೆ ಮುಖವಷ್ಟನ್ನೇ ತೋರಿಸಿಕೊಂಡು ಮಲಗಿದ್ದಿತು. ಮುಂದಿನದರಲ್ಲಿ ಎಲೆಗಳ ನಡುವೆ ನಾಲ್ಕಾರು ಹಸುರುಹಾವುಗಳು ಬಳ್ಳಿಗಳಂತೆ ಜೋತುಬಿದ್ದಿದ್ದವು. ಎಲ್ಲಿಂದ ಬಳ್ಳಿ ಮುಗಿದು ಎಲ್ಲಿಂದ ಹಾವು ಆರಂಭವಾಯಿತೆಂದು ತಿಳಿಯಲು ನನ್ನ ಮಗಳಿಗೆ ಐದು ನಿಮಿಷ ಬೇಕಾಯಿತು. ಅತ್ತೆಯವರು ಮಾತ್ರ ನಾಗರಹಾವಿನ ಮುಂದಿನಿಂದ ಕದಲಲಿಲ್ಲ.

“ಅವಕ್ಕಾದ್ರೂ ಒಂದು ಸಂಸಾರ ಇದೆ. ಇದೊಂದು ಒಂಟಿಯಾಗಿ ಬಿದ್ಕೊಂಡಿದೆಯಲ್ಲ, ಪಾಪ. ಇದಕ್ಕೆ ಯಾರೂ ಇಲ್ವೆ?” ಎಂದರು.

ನಾದಿನಿ ಆ ಕೂಡಲೇ ಮಗನ ಕಡೆಗೆ ತಿರುಗಿ, “ಕೇಳಿಸ್ತೇನೋ? ಅಜ್ಜಿ ಹೇಳಿದ್ದೇ ನಾನೂ ಹೇಳ್ತಿರೋದು” ಎಂದಳು. ವ್ಯಾಜ್ಯ ಮತ್ತೆ ಹೊತ್ತಿಕೊಂಡಿತು.

ಎರಡು ಹೆಬ್ಬಾವು, ಒಂದು ಪೆಟ್ಟಿಗೆ

ಆ ವ್ಯಾಜ್ಯದ ಮೂಲವನ್ನು ವಾಚಕರಿಗೆ ಇಲ್ಲಿ ವಿವರಿಸಬೇಕು. ನಾದಿನಿಯ ಮಗ ಎರಡು ಹಾವುಗಳನ್ನು ಸಾಕಿದ್ದಾನೆ. ಗಾಬರಿಯಾಗಬೇಡಿ. ನಮ್ಮ ಕಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇವು ಆಫ್ರಿಕದ ಪಶ್ಚಿಮ ಮತ್ತು ಮಧ್ಯ ಭಾಗಗಳ ಸಣ್ಣ ಹೆಬ್ಬಾವುಗಳು. ಬೆದರಿದಾಗ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಅಡಗಿಸಿಕೊಳ್ಳುವುದರಿಂದ ಇವಕ್ಕೆ ಬಾಲ್ ಪೈಥಾನ್ ಎಂದು ಹೆಸರು. ಮೂರರಿಂದ ಐದು ಅಡಿ ಬೆಳೆಯುತ್ತವೆ, ವಿಷವಿಲ್ಲ, ಸ್ವಭಾವ ಸಾಧು. ಇಂಥ ವಿದೇಶೀ ಪ್ರಾಣಿಗಳನ್ನು ಸಾಕುವವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಿಕೊಳ್ಳಬೇಕೆಂದು 2024ರಲ್ಲಿ ನಿಯಮ ಬಂದಿದೆ. ನನ್ನ ಷಡ್ಡಕರು ಅಂತೆಯೇ ಮಾಡಿಸಿದ್ದಾರೆ.

ಮನೆ ಅಪ್ಪಟ ಶಾಕಾಹಾರಿಗಳದು. ಹಾವಿಗೆ ಬೇಕಾದ, ಹಿಮಗಟ್ಟಿಸಿದ ಇಲಿಗಳನ್ನು ಇಡಲು ನಾದಿನಿ ಒಂದು ಪುಟ್ಟ ಫ್ರಿಜ್ಜನ್ನೇ ಬೇರೆ ಕೊಡಿಸಿ, ಅದನ್ನು ಹಿಂದಿನ ಬಾಲ್ಕನಿಗೆ ಗಡೀಪಾರು ಮಾಡಿದ್ದಾಳೆ. ಆದರೆ ಹಾವುಗಳನ್ನು ಬೇರ್ಪಡಿಸಲು ಮಾತ್ರ ಅವಳ ಮನಸ್ಸು ಒಪ್ಪಲಿಲ್ಲ. ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಎರಡೂ ಇದ್ದವು. ದೊಡ್ಡದು ಸಣ್ಣದರ ಮೇಲೆ ಸುತ್ತಿಕೊಂಡು ಮಲಗುತ್ತಿದ್ದಿತು. ಮನೆಗೆ ಬಂದವರೆಲ್ಲ “ಎಷ್ಟು ಅನ್ಯೋನ್ಯ!” ಎಂದು ಮೆಚ್ಚಿಕೊಳ್ಳುತ್ತಿದ್ದರು. ಆದರೆ ಸಣ್ಣ ಹಾವು ಎರಡು ತಿಂಗಳಿಂದ ಆಹಾರ ಮುಟ್ಟಿರಲಿಲ್ಲ. ಬೆನ್ನುಮೂಳೆಯ ಗೆರೆ ಎದ್ದುಕಾಣುತ್ತಿದ್ದಿತು. ಬೇರೆ ಮಾಡೋಣವೆಂದು ಹುಡುಗ; ಬೇರೆ ಮಾಡಿದರೆ ಕೊರಗಿ ಸತ್ತೇಹೋಗುತ್ತದೆಂದು ತಾಯಿ. ಹುಡುಗ ರಾತ್ರಿ ಎದ್ದೆದ್ದು ಪೆಟ್ಟಿಗೆಯ ಬಳಿ ಕೂರುತ್ತಿದ್ದನೆಂದು ಅತ್ತೆಯವರು ನನಗೆ ಗುಟ್ಟಾಗಿ ಹೇಳಿದರು.

ಗಿಂಡಿಯಲ್ಲಿ ನೀರಿನ ಬಟ್ಟಲು ತುಂಬುತ್ತಿದ್ದ ಪಾಲಕನೊಬ್ಬನನ್ನು ನಾದಿನಿಯೇ ತಮಿಳಿನಲ್ಲಿ ಮಾತಿಗೆಳೆದಳು. ನಡುವಯಸ್ಸು ದಾಟಿದ, ಮಿತಭಾಷಿಯಾದ ಮನುಷ್ಯ. ಅವನು ಹೇಳಿದ್ದನ್ನು ಅವಳು ಒಲ್ಲದ ಮನಸ್ಸಿನಿಂದ ನಮಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ಪಾಲಕನ ಮಾತು

ಹಾವಿಗೆ ಮೈಯ ಬಿಸಿ ಹೊರಗಿನಿಂದ ಬರಬೇಕು. ಪೆಟ್ಟಿಗೆಯಲ್ಲಿ ಹದವಾದ ಬಿಸಿಯಿರುವುದು ಒಂದು ಮೂಲೆಯಲ್ಲಿ. ಕತ್ತಲೆಯ ಅಡಗುದಾಣವೂ ಒಂದೇ. ಎರಡು ಹಾವುಗಳಿಗೂ ಬೇಕಾದದ್ದು ಅದೇ ಜಾಗ. ಆದ್ದರಿಂದ ಎರಡೂ ಅಲ್ಲಿಯೇ ಸೇರುತ್ತವೆ. ನಾವು ಅದನ್ನು ಅಪ್ಪುಗೆಯೆನ್ನುತ್ತೇವೆ. ಹಾವಿನ ಪಾಲಿಗೆ ಅದು ಜಾಗಕ್ಕಾಗಿ ನೂಕಾಟ. ಹಾವು ಬೊಗಳುವುದಿಲ್ಲ, ಪರಚುವುದಿಲ್ಲ. ಬಲವುಳ್ಳದ್ದು ಮೇಲೆ ಮಲಗುತ್ತದೆ. ಬಲವಿಲ್ಲದ್ದು ಊಟ ಬಿಡುತ್ತದೆ. ಬಿಸಿ ಸಾಲದಿದ್ದರೆ ತಿಂದದ್ದೂ ಅರಗುವುದಿಲ್ಲ.

ಎರಡನೆಯದು ಊಟದ ಹೊತ್ತಿನ ಅಪಾಯ. ಒಂದೇ ಇಲಿಯನ್ನು ಎರಡು ಹಾವುಗಳು ಎರಡು ತುದಿಯಿಂದ ಹಿಡಿದರೆ ಯಾವುದೂ ಬಿಡದು. ಹಾವಿನ ಹಲ್ಲುಗಳು ಒಳಮುಖವಾಗಿ ಬಾಗಿರುವುದರಿಂದ ಹಿಡಿದದ್ದನ್ನು ಒಳಕ್ಕೆ ತಳ್ಳುವುದು ಅದಕ್ಕೆ ಸುಲಭ, ಉಗುಳುವುದು ಕಷ್ಟ. ನುಂಗುತ್ತ ಬಂದ ದೊಡ್ಡ ಹಾವು ಇಲಿಯ ಜೊತೆಗೆ ಎದುರಿನ ಹಾವಿನ ತಲೆಯನ್ನೂ ಬಾಯಿಗೆಳೆದುಕೊಂಡೀತು. ಅದಕ್ಕೆ ದ್ವೇಷ ಕಾರಣವಲ್ಲ. ಇಲಿಯ ವಾಸನೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅದಕ್ಕೆ ಆಹಾರವೇ.

ಮೂರನೆಯದು ರೋಗ. ಪೆಟ್ಟಿಗೆಯಲ್ಲಿ ಅರಗದ ಇಲಿ ವಾಂತಿಯಾಗಿ ಬಿದ್ದಿದ್ದರೆ ಅದು ಯಾವ ಹಾವಿನದು? ಮಲದಲ್ಲಿ ಹುಳುವಿದ್ದರೆ ಔಷಧ ಯಾವುದಕ್ಕೆ? ಒಂದಕ್ಕೆ ಹತ್ತಿದ ಉಣ್ಣೆ ವಾರದೊಳಗೆ ಇನ್ನೊಂದಕ್ಕೂ ಹತ್ತಿರುತ್ತದೆ. ಹೊಸದಾಗಿ ಬಂದ ಹಾವನ್ನು ಕೆಲವು ವಾರಗಳಾದರೂ ಬೇರೆಯಿಟ್ಟು ನೋಡದೆ ಯಾವ ಮೃಗಾಲಯವೂ ಹಳೆಯವುಗಳ ಬಳಿ ಬಿಡುವುದಿಲ್ಲ.

“ಹಾಗಾದರೆ ಆ ಹಸುರುಹಾವುಗಳು?” ಎಂದು ನನ್ನ ಹೆಂಡತಿ ಕೇಳಿದಳು. ಅವು ಒಂದೇ ಜಾತಿ, ಒಂದೇ ಗಾತ್ರ. ಅವುಗಳ ಗೂಡಿನಲ್ಲಿ ಕೊಂಬೆಗಳು ಹಾವುಗಳಿಗಿಂತ ಹೆಚ್ಚು ಇವೆ. ಮೇಲಾಗಿ ದಿನವೂ ನೋಡಿಕೊಳ್ಳಲು ಅನುಭವವುಳ್ಳ ಆಳುಗಳಿದ್ದಾರೆ ಎಂದು ಉತ್ತರ ಬಂದಿತು. ಪಾಲಕನು ಕೊನೆಗೆ ಹುಡುಗನನ್ನೇ ನೋಡಿ ಒಂದು ಮಾತು ಹೇಳಿದ: ಮೇಲೆ ಮಲಗಿರುವುದು ಯಾವುದು, ಕೆಳಗಿರುವುದು ಯಾವುದು ಎಂದು ಒಂದು ವಾರ ಬರೆದಿಡು, ಉತ್ತರ ನಿನಗೇ ತಿಳಿಯುತ್ತದೆ.

ಹೆಣೆದುಕೊಂಡ ನಾಗರಕಲ್ಲು

ಅತ್ತೆಯವರಿಗೆ ಇದು ಸಮಾಧಾನ ತರಲಿಲ್ಲ. ತರುವುದಾದರೂ ಹೇಗೆ? ನಮ್ಮ ನಾಡಿನ ಅಶ್ವತ್ಥಕಟ್ಟೆಗಳ ಮೇಲಿನ ನಾಗರಕಲ್ಲುಗಳನ್ನು ನೆನೆದುಕೊಳ್ಳಿ. ಎರಡು ಸರ್ಪಗಳು ಜಡೆಯಂತೆ ಹೆಣೆದುಕೊಂಡು, ಹೆಡೆಗಳನ್ನು ಎದುರುಬದುರಾಗಿ ಎತ್ತಿ ನಿಂತಿರುತ್ತವೆ. ತಲೆಮಾರುಗಳಿಂದ ಅದಕ್ಕೆ ಹಾಲು, ಅರಿಶಿನ, ಕುಂಕುಮ ಎರೆದ ಕಣ್ಣಿಗೆ ಹಾವೆಂದರೆ ಜೋಡಿಯೇ. ಗದ್ದೆಯ ಬದುವಿನಲ್ಲಿ ಎರಡು ಕೇರೆಹಾವುಗಳು ಮೈಯನ್ನು ಹುರಿಗೊಳಿಸಿ ಮೇಲೆದ್ದು ತೂಗಾಡುವುದನ್ನು ಕಂಡವರು ಅದನ್ನು ಗಂಡುಹೆಣ್ಣಿನ ಸರಸವೆಂದೇ ತಿಳಿದು, ನೋಡಬಾರದೆಂದು ಕಣ್ಣು ತಿರುಗಿಸುತ್ತಾರೆ.

ಪ್ರಾಣಿಶಾಸ್ತ್ರಜ್ಞರು ಹೇಳುವುದು ಬೇರೆ. ಹೀಗೆ ಎದ್ದುನಿಂತು ಹೆಣೆದುಕೊಳ್ಳುವ ಕೇರೆಗಳು ಸಾಮಾನ್ಯವಾಗಿ ಎರಡೂ ಗಂಡುಗಳೇ. ಅದು ಮಲ್ಲಯುದ್ಧ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ಹೆಣಗುತ್ತದೆ. ಸೋತದ್ದು ಜಾಗ ಬಿಟ್ಟು ಹೋಗುತ್ತದೆ. ಕಚ್ಚಾಟವಿಲ್ಲ, ಕೊಲೆಯಿಲ್ಲ. ಶಿಲ್ಪಿಯ ಭಾವನೆಗೆ ಇದರಿಂದ ಕುಂದೇನೂ ಇಲ್ಲ. ಆತ ಕಡೆದದ್ದು ಸಂತಾನದ ಹರಕೆಯನ್ನು, ಹಾವಿನ ದಿನಚರಿಯನ್ನಲ್ಲ. ಆದರೆ ಸಾಕುವವನು ದಿನಚರಿಯನ್ನೇ ತಿಳಿಯಬೇಕಾಗುತ್ತದೆ. ಗದ್ದೆಯಲ್ಲಿ ಸೋತ ಕೇರೆ ಪೊದೆಯೊಳಗೆ ನುಸುಳಿತು. ಪೆಟ್ಟಿಗೆಯಲ್ಲಿ ಸೋತದ್ದು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆ ಎಲ್ಲಕ್ಕಿಂತ ತೀವ್ರವಾಗುವುದು ನಮ್ಮ ಮಲೆನಾಡಿನ ಕಾಳಿಂಗಸರ್ಪದ ವಿಷಯದಲ್ಲಿ. ಅದರ ಆಹಾರವೇ ಹಾವು. ಅದರ ಕುಲಕ್ಕೆ ವಿಜ್ಞಾನಿಗಳಿಟ್ಟ ಗ್ರೀಕ್ ಮೂಲದ ಹೆಸರಿನ ಅರ್ಥವೂ ‘ಹಾವುಗಳನ್ನು ತಿನ್ನುವುದು’ ಎಂದೇ. ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಜಾತಿಯೆಂದು 2024ರಲ್ಲಿ ನಿರ್ಣಯವಾದಾಗ ಅದಕ್ಕೆ ದೊರೆತ ಹೆಸರು ‘ಕಾಳಿಂಗ’ ಎಂಬ ನಮ್ಮ ಮಾತಿನಿಂದಲೇ ಬಂದದ್ದು. ಕನ್ನಡಿಗರಿಗೆ ಇದು ಸಂತೋಷದ ಸಂಗತಿ. ಹೆಣ್ಣು ಕಾಳಿಂಗವು ತರಗೆಲೆಗಳನ್ನು ಮೈಯಿಂದ ಒಟ್ಟುಮಾಡಿ ಗೂಡು ಕಟ್ಟಿ, ಮೊಟ್ಟೆಯಿಟ್ಟು ಕಾವಲು ಕೂರುತ್ತದೆ; ಮರಿಗಳು ಹೊರಬರುವ ಮೊದಲೇ ಅಲ್ಲಿಂದ ಹೊರಟುಹೋಗುತ್ತದೆ. ಗಂಡು ಕಾಳಿಂಗವು ಬಸುರಿ ಹೆಣ್ಣನ್ನು ಕೊಂದ ಪ್ರಸಂಗವೂ ಪಶ್ಚಿಮಘಟ್ಟದಲ್ಲಿ ದಾಖಲಾಗಿದೆ. ಆಗುಂಬೆಯಲ್ಲಿ 2005ರಲ್ಲಿ ಆರಂಭವಾದ ಮಳೆಕಾಡಿನ ಸಂಶೋಧನಾ ಕೇಂದ್ರದವರು ಕಾಳಿಂಗಗಳಿಗೆ ರೇಡಿಯೋ ಅಳವಡಿಸಿ, ಅವುಗಳ ಹಿಂದೆ ಕಾಡು ಸುತ್ತಿ, ಅವು ಬದುಕುವ ಬಗೆಯನ್ನು ತಿಳಿದರು. ಮಂಗಳೂರಿನ ಪಿಲಿಕುಳದಂತಹ ಕಡೆ ಇವುಗಳ ವಂಶಾಭಿವೃದ್ಧಿಗೆ ಪ್ರಯತ್ನಪಡುವವರು ಪಡುವ ಎಚ್ಚರ ಎಷ್ಟಿರಬೇಕೆಂದು ಊಹಿಸಬಹುದು.

ಇದನ್ನೆಲ್ಲ ಕೇಳಿ ಅತ್ತೆಯವರು, “ನಮ್ಮ ಕೊಟ್ಟಿಗೆ ಹಿಂದೆ ಒಂದ್ಸಲ ಕಾಳಿಂಗ ಬಂದಿತ್ತು. ಒಂದೇ. ಎರಡು ಯಾವತ್ತೂ ಕಂಡಿಲ್ಲ, ಅದು ಹೌದು” ಎಂದು ಅರೆಮನಸ್ಸಿನಿಂದ ಒಪ್ಪಿದರು. ನನಗೆ ಆಗ ಹೊಳೆದದ್ದು ನನ್ನ ವೃತ್ತಿಗೆ ಸಂಬಂಧಿಸಿದ ಒಂದು ವಿಚಾರ. ಆನೆಗೆ ಹಿಂಡು, ಕುರಿಗೆ ಮಂದೆ, ಕಾಗೆಗೆ ಬಳಗ. ಹಳಗನ್ನಡದ ‘ಪಾವು’ ಹೊಸಗನ್ನಡದ ‘ಹಾವು’ ಆಗುವಷ್ಟು ಕಾಲ ಕಳೆದರೂ ಅದಕ್ಕೆ ಅಂಥ ಸಮೂಹವಾಚಕವೊಂದು ರೂಢಿಯಾಗಲಿಲ್ಲ. ಸಂಸ್ಕೃತದವರು ಅದನ್ನು ಉರಗವೆಂದರು, ಬಿಲೇಶಯವೆಂದರು. ಬಿಲದಲ್ಲಿ ಮಲಗುವುದು, ಅಷ್ಟೆ.

ಕಡಲದಾರಿಯಲ್ಲಿ ವಾದ

ಗಿಂಡಿಯಿಂದ ಹೊರಟು ನಮ್ಮ ಮೋಟಾರು ಪೂರ್ವ ಕರಾವಳಿ ರಸ್ತೆಗೆ ಬಂದಿತು. ಮಹಾಬಲಿಪುರಕ್ಕೆ ಹೋಗುವ ಈ ದಾರಿ ಸೊಗಸಾದದ್ದು. ಎಡಗಡೆ ಸರ್ವೆಮರಗಳ ಸಾಲಿನ ಆಚೆ ಆಗಾಗ ಬಂಗಾಳ ಕೊಲ್ಲಿ ಮಿಂಚುತ್ತದೆ. ಬಲಗಡೆ ಹಿನ್ನೀರು, ಉಪ್ಪಿನ ವಾಸನೆ, ಎಳನೀರಿನ ಗಾಡಿಗಳು. ಚೆನ್ನೈಯಿಂದ ಸುಮಾರು 40 ಕಿಲೋಮೀಟರು ದೂರದ ವಡನೆಮ್ಮೇಲಿಯಲ್ಲಿ ವಿಟೇಕರ್ ದಂಪತಿಗಳು 1976ರಲ್ಲಿ ಸ್ಥಾಪಿಸಿದ ಮೊಸಳೆ ಬ್ಯಾಂಕು ಇದೆ. ನಮಗೆ ಬೇಕಾಗಿದ್ದುದು ಅದರ ಆವರಣದೊಳಗಿರುವ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ.

ಗಿಂಡಿಯಲ್ಲಿ ಮೌನವಾಗಿದ್ದ ಹುಡುಗ ದಾರಿಯಲ್ಲಿ ಬಾಯಿಬಿಟ್ಟ. ವಿಚಿತ್ರವೆಂದರೆ ಈಗ ಅವನು ತಾಯಿಯ ಪಕ್ಷವನ್ನೇ ವಾದಿಸತೊಡಗಿದ. “ದೊಡ್ಡಪ್ಪ, ಆ ಪಾಲಕರು ಹೇಳಿದ್ದು ಎಲ್ಲ ಹಾವಿಗೂ ಅನ್ವಯಿಸೋದಿಲ್ಲ. ನಾನು ಓದಿದ್ದೇನೆ” ಎಂದು ಆರಂಭಿಸಿದ. ಹುಡುಗನ ಓದು ಸಾಧಾರಣದ್ದಲ್ಲ.

ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ ನಾರ್ಸಿಸ್ ಎಂಬ ಸಣ್ಣ ಊರಿದೆ. ಅಲ್ಲಿಯ ಸುಣ್ಣಕಲ್ಲಿನ ಬಿರುಕುಗಳಲ್ಲಿ, ಹಿಮ ತಲುಪದ ಆಳದಲ್ಲಿ, ಗಾರ್ಟರ್ ಎಂಬ ಜಾತಿಯ ಹಾವುಗಳು ಹತ್ತಾರು ಸಾವಿರ ಒಟ್ಟಿಗೆ ಸೇರಿ ಚಳಿಗಾಲ ಕಳೆಯುತ್ತವೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಅವು ಹೊರಬಂದಾಗ ನೆಲವೇ ಹರಿದಾಡಿದಂತೆ ಕಾಣುತ್ತದೆಯಂತೆ. ಒಂದು ಹೆಣ್ಣಿನ ಸುತ್ತ ಹತ್ತಾರು ಗಂಡುಗಳು ಸುತ್ತಿಕೊಂಡು ಹಾವಿನ ಉಂಡೆಗಳಾಗುತ್ತವೆ. ಅವು ಹೆದ್ದಾರಿ ದಾಟುವಾಗ ಚಕ್ರಗಳಿಗೆ ಸಿಕ್ಕದಿರಲೆಂದು ಸರ್ಕಾರದವರು ರಸ್ತೆಯಡಿಯಲ್ಲಿ ಸುರಂಗಗಳನ್ನೇ ಮಾಡಿಸಿಕೊಟ್ಟಿದ್ದಾರೆ.

ಅದೇ ಕೆನಡಾದ ಒಂಟೇರಿಯೋದಲ್ಲಿ 2020ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಹುಡುಗ ವಿವರಿಸಿದ. ಗಾರ್ಟರ್ ಜಾತಿಯ 40 ಎಳೆಯ ಹಾವುಗಳನ್ನು ಹತ್ತು ಹತ್ತರಂತೆ ಬಿಟ್ಟು, ನಾಲ್ಕು ನಾಲ್ಕು ಅಡಗುದಾಣಗಳನ್ನಿಟ್ಟರು. ಯಾವುದು ಯಾವುದರ ಜೊತೆ ಸೇರುತ್ತದೆಂದು ಚಿತ್ರ ತೆಗೆದು, ದಿನಕ್ಕೆರಡು ಸಲ ಅವುಗಳನ್ನು ಕದಡಿ ಬೇರೆ ಬೇರೆ ಕಡೆ ಇಟ್ಟರು. ಹಾವುಗಳು ಮತ್ತೆ ಮತ್ತೆ ತಮ್ಮ ಹಳೆಯ ಜೊತೆಗಾರರನ್ನೇ ಸೇರಿಕೊಂಡವು! 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಇನ್ನೊಂದು ಸುದ್ದಿ ಬಂದಿತು. ಗಿಲಕಿಹಾವನ್ನು ಬಕೆಟ್ಟಿನಲ್ಲಿಟ್ಟು ಬೆದರಿಸಿ ಹೃದಯದ ಬಡಿತವನ್ನು ಅಳೆದರು. ಒಂಟಿಯಾಗಿದ್ದಾಗಲೂ, ಹಾವಿನಷ್ಟೇ ದಪ್ಪದ ಹಗ್ಗವನ್ನು ಜೊತೆಗಿಟ್ಟಾಗಲೂ ಬಡಿತ ಜೋರಾಗಿಯೇ ಏರಿತು. ಇನ್ನೊಂದು ಹಾವು ಜೊತೆಗಿದ್ದಾಗ ಅಷ್ಟು ಏರಲಿಲ್ಲ.

“ನೋಡಿದ್ರಾ ಭಾವ! ಅದಕ್ಕೂ ಧೈರ್ಯ ಬೇಕು” ಎಂದಳು ನಾದಿನಿ, ಗೆದ್ದವಳಂತೆ.

ಹುಡುಗ ಇನ್ನೂ ಒಂದನ್ನು ಸೇರಿಸಿದ. ಆಫ್ರಿಕದ ಬೆನಿನ್ ದೇಶದಲ್ಲಿ ಊಯಿದಾ ಎಂಬ ಊರು. ಅಲ್ಲಿ ಹೆಬ್ಬಾವಿನ ಗುಡಿಯೊಂದಿದೆ. ಇವನು ಸಾಕಿರುವ ಜಾತಿಯವೇ ಹಲವು ಹತ್ತು ಹಾವುಗಳು ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಹಾಗಾದರೆ ಆಗಾಗ ಅವುಗಳಿಗೆ ಊಟ? ಎಂದು ನಾನು ಕೇಳಿದೆ. “ಬಿಟ್ಟುಬಿಡ್ತಾರೆ. ಅವು ಊರೊಳಗೆ ಹೋಗಿ ಇಲಿ ಹಿಡ್ಕೊಳ್ತವೆ. ಯಾರದಾದ್ರೂ ಮನೆ ಹೊಕ್ಕರೆ ಅವರೇ ಮರ್ಯಾದೆಯಿಂದ ತಂದು ಗುಡಿಗೆ ಬಿಡ್ತಾರೆ.”

ಈ ಉತ್ತರವನ್ನು ಹೇಳುತ್ತಿದ್ದಂತೆಯೇ ಹುಡುಗನ ಧ್ವನಿ ತಗ್ಗಿತು. ನಾರ್ಸಿಸಿನ ಹಾವುಗಳು ಚಳಿಗಾಲ ಕಳೆದೊಡನೆ ಚದರಿ, ಎಷ್ಟೋ ಕಿಲೋಮೀಟರು ದೂರದ ಜೌಗಿನಲ್ಲಿ ತಮ್ಮ ತಮ್ಮ ಪಾಡಿಗೆ ಬೇಸಿಗೆ ಕಳೆಯುತ್ತವೆ. ಒಂಟೇರಿಯೋದ ಮರಿಗಳಿಗೆ ಬೇಡವೆಂದರೆ ಹೋಗಲು ಬೇರೆ ಅಡಗುದಾಣಗಳಿದ್ದವು. ಊಯಿದಾದ ಗುಡಿಯ ಬಾಗಿಲು ತೆರೆಯುತ್ತದೆ. ನಮ್ಮ ಹುಡುಗನ ಪೆಟ್ಟಿಗೆಗೆ ಇರುವುದು ಎರಡು ಅಡಿ ಅಗಲ ಮತ್ತು ಬಿಗಿಯಾದ ಮುಚ್ಚಳ.

ವಡನೆಮ್ಮೇಲಿಯ ಮಡಕೆಗಳು

ಮೊಸಳೆ ಬ್ಯಾಂಕಿನಲ್ಲಿ ಮೊಸಳೆಗಳು ಮರದ ದಿಮ್ಮಿಗಳಂತೆ ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯುತ್ತಿದ್ದವು. ಅದನ್ನು ದಾಟಿ, ಬೇರೆ ಚೀಟಿ ಪಡೆದು, ಇರುಳರ ಸಂಘದ ಮಾಡಿನ ಕೆಳಗೆ ಹೋದೆವು. ಅಲ್ಲಿ ಕಂಡದ್ದು ಗಾಜಲ್ಲ, ಮಣ್ಣಿನ ಮಡಕೆಗಳ ಸಾಲು. ಮಡಕೆಯೊಳಗೆ ಮರಳು, ಬಾಯಿಗೆ ಗಾಳಿಯಾಡುವ ಬಟ್ಟೆ ಬಿಗಿದಿದೆ. ಒಳಗೆ ಕತ್ತಲೆ, ತಂಪು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಜಾತಿಗಳಿಗೂ ಬೇರೆ ಬೇರೆ ಮಡಕೆಗಳು. ಬೆರೆಸುವಂತಿಲ್ಲ. ಕಟ್ಟುಹಾವಂತೂ ಬೇರೆ ಹಾವುಗಳನ್ನೇ ನುಂಗುವಂಥದು.

ಇರುಳರು ತಲೆತಲಾಂತರದಿಂದ ಹಾವಿನ ಜಾಡು ಹಿಡಿದು ನಡೆದವರು. ಒಂದು ಕಾಲಕ್ಕೆ ಅವರು ಹಿಡಿದ ಹಾವುಗಳ ಚರ್ಮ ವ್ಯಾಪಾರಕ್ಕೆ ಹೋಗುತ್ತಿದ್ದಿತು. ಕಾಯಿದೆ ಬಂದು ಆ ವ್ಯಾಪಾರ ನಿಂತಾಗ ಹೊಟ್ಟೆಪಾಡು ತಪ್ಪಿತು. 1978ರಲ್ಲಿ ಈ ಸಹಕಾರ ಸಂಘ ಹುಟ್ಟಿತು. ಈಗ ಅವರು ಹಾವನ್ನು ಕೊಲ್ಲುವುದಿಲ್ಲ, ವಿಷ ತೆಗೆಯುತ್ತಾರೆ. ಅನುಮತಿ ಪಡೆದು ಹಿಡಿದ ಹಾವನ್ನು ಕೆಲವು ವಾರ ಮಡಕೆಯಲ್ಲಿಟ್ಟು, ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ವಿಷ ತೆಗೆದು, ಹೊಟ್ಟೆಯ ಪೊರೆಯಲ್ಲಿ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಪ್ರತಿವಿಷವನ್ನು ತಯಾರಿಸುತ್ತಾರೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಮಂದಿ ಎಂಬ ಲೆಕ್ಕವನ್ನು ನೆನೆದರೆ ಈ ಮಡಕೆಗಳ ಬೆಲೆ ತಿಳಿಯುತ್ತದೆ. ಈ ಸಂಘದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯ್ಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು.

ನಾವು ನೋಡುತ್ತಿದ್ದಂತೆ ಒಬ್ಬರು ಮಡಕೆಯ ಬಟ್ಟೆ ಬಿಚ್ಚಿ, ಕೊಕ್ಕೆಯಿಂದ ಕೊಳಕುಮಂಡಲವೊಂದನ್ನು ಮೇಲೆತ್ತಿದರು. ಬುಸುಗುಟ್ಟುವ ಸದ್ದಿಗೆ ನನ್ನ ಮಗಳು ಅಜ್ಜಿಯ ಸೆರಗಿನಲ್ಲಿ ಅಡಗಿದಳು. ತಲೆ ಹಿಡಿದು, ಪೊರೆ ಬಿಗಿದ ಗಾಜಿನ ಪಾತ್ರೆಗೆ ಹಲ್ಲೂರಿಸಿದರು. ಹಳದಿ ಹನಿಗಳು ಇಳಿದವು. ಅರೆನಿಮಿಷದಲ್ಲಿ ಕೆಲಸ ಮುಗಿಯಿತು. ಮತ್ತೆ ಮಡಕೆಯ ಬಾಯಿಗೆ ಬಿಟ್ಟಾಗ, ಅಷ್ಟು ಹೊತ್ತು ಕೆರಳಿದ್ದ ಹಾವು ಕತ್ತಲೆಯೊಳಕ್ಕೆ ನೀರಿನಂತೆ ಇಳಿದುಹೋಯಿತು. ಮತ್ತೆ ಸದ್ದಿಲ್ಲ.

“ಒಳಗೆ ಹೋದ ಮೇಲೆ ಎಷ್ಟು ಸುಮ್ಮನಾಯ್ತು ನೋಡಿ” ಎಂದರು ಅತ್ತೆಯವರು. ಸ್ವಲ್ಪ ತಡೆದು, ಯಾರನ್ನೂ ನೋಡದೆ, “ಒಂಟಿಯಾಗಿರೋದು ಬೇರೆ, ಒಂದು ಮೂಲೆ ತನಗೆ ಅಂತ ಇರೋದು ಬೇರೆ. ನನಗೂ ಇಬ್ಬರು ಮಕ್ಕಳ ಮನೇಲೂ ಯಾವುದಕ್ಕೂ ಕಡಿಮೆ ಇಲ್ಲ. ಆದರೆ ಒಳಗಿನಿಂದ ಚಿಲಕ ಹಾಕ್ಕೊಳ್ಳೋ ಕೋಣೆ ಒಂದಿಲ್ಲ” ಎಂದರು. ನನ್ನ ಹೆಂಡತಿಯೂ ನಾದಿನಿಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅತ್ತೆಯವರು ಮೊಮ್ಮಕ್ಕಳೊಡನೆ ಹಜಾರದಲ್ಲಿ ಮಲಗುವುದು ಅವರಿಗೆ ಹಿತವೆಂದೇ ನಾವೆಲ್ಲ ಇಷ್ಟು ದಿನ ತಿಳಿದಿದ್ದೆವು.

ಮಡಕೆಯ ವಾಸ ಹಾವಿಗೆ ಸುಖವೆಂದು ನಾನು ಹೇಳುವುದಿಲ್ಲ. ಅದು ಕೆಲವು ವಾರಗಳ ಬಿಡಾರ. ಅದಕ್ಕೊಂದು ಕೊನೆಯಿದೆ, ಕೊನೆಯಲ್ಲಿ ಕಾಡಿದೆ. ಮನೆಯ ಪೆಟ್ಟಿಗೆಯ ಹೆಬ್ಬಾವಿಗೆ ಅಂಥ ಕೊನೆಯಿಲ್ಲ. ಚೆನ್ನಾಗಿ ಸಾಕಿದರೆ ಅದು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಆದ್ದರಿಂದಲೇ ಸಾಕುವವನ ಹೊಣೆ ಹೆಚ್ಚಿನದು. ಹಾವುಗಳಲ್ಲಿ ಜೊತೆ ಬಯಸುವವೂ ಉಂಟೆಂಬುದನ್ನು ಹೊಸ ವಿಜ್ಞಾನ ತೋರಿಸಿಕೊಟ್ಟಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಬಿಟ್ಟುಹೋಗಲು ದಾರಿಯಿದ್ದಾಗ ಮಾತ್ರ ಜೊತೆ ಜೊತೆಯಾಗುತ್ತದೆ; ದಾರಿಯಿಲ್ಲದ ಕಡೆ ಅದು ಇಕ್ಕಟ್ಟು. ಹಾವು ತನ್ನ ಇಷ್ಟಾನಿಷ್ಟಗಳನ್ನು ಬಾಯಿಬಿಟ್ಟು ಹೇಳಲಾರದು. ಆದುದರಿಂದ ಸಂಶಯವಿದ್ದಾಗ ಬೇರೆ ಬೇರೆ ಇಡುವುದೇ ದಯೆ. ಬೇರೆ ಇಡುವುದೆಂದರೆ ಬರಿಯ ಪೆಟ್ಟಿಗೆಯಲ್ಲಿ ಬಿಸಾಡುವುದಲ್ಲ. ಬಿಸಿಯ ತುದಿಯಲ್ಲೊಂದು, ತಂಪಿನ ತುದಿಯಲ್ಲೊಂದು ಅಡಗುದಾಣ, ಸದಾ ಶುದ್ಧವಾದ ನೀರು, ಉಂಡ ಮೇಲೆ ಯಾರೂ ಮುಟ್ಟದ ಕೆಲವು ದಿನಗಳು: ಇಷ್ಟನ್ನಾದರೂ ಕೊಡಬೇಕು. ಆಫ್ರಿಕದಲ್ಲಿ ಈ ಹೆಬ್ಬಾವುಗಳು ಗೆದ್ದಲಿನ ಹುತ್ತಗಳಲ್ಲಿಯೂ ಇಲಿಬಿಲಗಳಲ್ಲಿಯೂ ಸೇರಿಕೊಳ್ಳುತ್ತವೆಯಂತೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾದಂತೆ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ!

ಮರುದಿನವೇ ಷಡ್ಡಕರು ಎರಡನೆಯ ಪೆಟ್ಟಿಗೆ ತಂದರು. ನಾದಿನಿ ಎರಡು ದಿನ ಮಾತು ಬಿಟ್ಟಳೆಂದು ಕೇಳಿದೆ. ಮೂರು ವಾರ ಕಳೆದ ಮೇಲೆ ರಾತ್ರಿ ಹತ್ತು ಗಂಟೆಗೆ ಅವಳದೇ ಫೋನು: “ಭಾವ, ತಿಂತು! ಸಣ್ಣದು ತಿಂತು!” ಹಿಂದಿನಿಂದ ಹುಡುಗನ ಕೂಗು ಕೇಳಿಸುತ್ತಿದ್ದಿತು. ಬೆಂಗಳೂರಿನ ನಮ್ಮ ಮನೆಯಲ್ಲಿ ನನ್ನ ಪುಸ್ತಕಗಳಿದ್ದ ಸಣ್ಣ ಕೋಣೆ ಈಗ ಅತ್ತೆಯವರದು. ಪುಸ್ತಕಗಳು ಹಜಾರಕ್ಕೆ ಬಂದಿವೆ. ಬಾಗಿಲಿಗೆ ಒಳಗಡೆ ಹಿತ್ತಾಳೆಯ ಚಿಲಕ ಬಂದಿದೆ. ಮೊದಲಿಗಿಂತ ಹೆಚ್ಚು ಹೊತ್ತು ಅವರು ಹಜಾರದಲ್ಲಿ ಕುಳಿತು ನಮ್ಮೊಡನೆ ಹರಟುತ್ತಾರೆಂಬುದು ನನ್ನ ಹೆಂಡತಿ ಗಮನಿಸಿದ ಸಂಗತಿ.

ಮದರಾಸಿಗೆ ಹೋಗುವ ವಾಚಕರು ಈ ಎರಡು ಸ್ಥಳಗಳಿಗೂ ಒಂದು ಹಗಲನ್ನು ಮೀಸಲಿಡಬಹುದು. ವಾರದಲ್ಲಿ ಒಂದು ದಿನ ರಜೆಯಿರುವುದರಿಂದ ಮೊದಲೇ ವಿಚಾರಿಸಿಕೊಂಡು, ಬೆಳಗಿನ ತಂಪಿನಲ್ಲಿ ಗಿಂಡಿಯನ್ನೂ ಮಧ್ಯಾಹ್ನದ ಮೊದಲು ವಡನೆಮ್ಮೇಲಿಯನ್ನೂ ನೋಡುವುದು ಒಳ್ಳೆಯದು. ಗಾಜಿನ ಹಿಂದೆ ಹಾವೊಂದು ಒಂಟಿಯಾಗಿ ಮಲಗಿದ್ದರೆ ಕೂಡಲೇ ಮರುಗಬೇಡಿ. ಅದಕ್ಕೆ ಅಡಗಲು ಒಂದು ಮಡಕೆಚೂರಾದರೂ ಇದೆಯೆ, ಮೈ ತುಂಬಿಕೊಂಡಿದೆಯೆ ಎಂದು ಮೊದಲು ನೋಡಿ.